ನೆರಳಲ್ಲಿ ಬೆಳೆಯುವ ತಲೆಬಾಗಿದ ಮರ

ಮಕ್ಕಳೇ, ನಿಮ್ಮ ಮನೆಯ ಹಿತ್ತಲಲ್ಲಿ ಬಿಸಿಲು ಸರಿಯಾಗಿ ಬೀಳದ ಮೂಲೆ ಇದೆಯಾ? ಪೆನ್ಸಿಲ್ವೇನಿಯಾದ ನಮ್ಮ ಮನೆಯ ಹಿಂದೆ, ದೊಡ್ಡ ಮೇಪಲ್ ಮರದ ಕೆಳಗೆ ಅಂಥ ಮೂಲೆ ಇದೆ. ಅಲ್ಲಿ ಹುಲ್ಲೂ ಬರುತ್ತಿರಲಿಲ್ಲ. ಅದಕ್ಕೇ ಅಲ್ಲಿ ವೀಪಿಂಗ್ ಹೆಮ್ಲಾಕ್ ನೆಟ್ಟೆವು. ವರ್ಷವಿಡೀ ಹಸಿರಾಗಿರುವ ಈ ಮರದ ಕೊಂಬೆಗಳು ಜಲಪಾತದ ಹಾಗೆ ಇಳಿಬಿದ್ದಿರುತ್ತವೆ.

"ಅಪ್ಪಾ, ಇದು ಯಾಕೆ ಅಳ್ತಿದೆ?" ಅಂತ ಮಗಳು ಕೇಳಿದಳು. ಅಳ್ತಿಲ್ಲ ಪುಟ್ಟಿ, ಬಾಗುವುದು ಅದರ ಹುಟ್ಟುಗುಣ. ಬೀಜ ಬಿತ್ತಿದರೆ ಆ ಗುಣ ಬಂದೇ ಬರುತ್ತದೆ ಅನ್ನುವಂತಿಲ್ಲ. ಅದಕ್ಕೆ ಊರಲ್ಲಿ ಮಾವಿಗೆ ಮಾಡುವ ಹಾಗೆ ಇದಕ್ಕೂ ಕಸಿ ಕಟ್ಟುತ್ತಾರೆ.

ಈಸ್ಟರ್ನ್ ಹೆಮ್ಲಾಕ್ 1931ರಿಂದ ಪೆನ್ಸಿಲ್ವೇನಿಯಾದ ರಾಜ್ಯ ಮರ. ನಮ್ಮದು ಅದರದೇ ಒಂದು ತಳಿ. ಸಾಕ್ರಟೀಸ್ ಕುಡಿದ ವಿಷದ ಹೆಮ್ಲಾಕ್ ಬೇರೆಯೇ ಗಿಡ, ಹೆದರಬೇಡಿ! ಕಾಡಿನಲ್ಲಿ ಇದರ ಸಸಿ ದೊಡ್ಡ ಮರಗಳ ನೆರಳಲ್ಲಿ ಎಷ್ಟೋ ವರ್ಷ ನಿಧಾನವಾಗಿ ಬೆಳೆಯುತ್ತಾ ಬೆಳಕಿಗಾಗಿ ಕಾಯುತ್ತದೆ.

ಆದರೆ ನಮ್ಮ ಮೊದಲ ಗಿಡ ಸತ್ತುಹೋಯಿತು. ನೆರಳಿದೆಯಲ್ಲ, ಮಣ್ಣು ಒಣಗುವುದಿಲ್ಲ ಅಂದುಕೊಂಡು ಬೇಸಿಗೆ ರಜೆಗೆ ಬೆಂಗಳೂರಿಗೆ ಹೋದೆವು. ಬಂದು ನೋಡಿದರೆ ಸೂಜಿ ಎಲೆಗಳೆಲ್ಲ ಉದುರಿದ್ದವು. ಅವತ್ತು ಅತ್ತದ್ದು ಮರವಲ್ಲ, ಮಗಳು. ತಪ್ಪು ನನ್ನದೇ. ಮೇಪಲ್ ಎಲೆಗಳು ಮಳೆಯನ್ನು ತಡೆಯುತ್ತವೆ, ಅದರ ಬೇರುಗಳು ಇದ್ದ ನೀರನ್ನೂ ಹೀರುತ್ತವೆ. ಹೆಮ್ಲಾಕ್ ಬೇರು ಮೇಲ್ಮಟ್ಟದಲ್ಲೇ ಹರಡುವುದರಿಂದ ಬೇಗ ಒಣಗುತ್ತದೆ. ನೆರಳು ಅಂದರೆ ತೇವ ಅಲ್ಲ!

ಎರಡನೇ ಸಲ ಹೀಗೆ ಮಾಡಿದೆವು:

1. ಮೇಪಲ್ ಬುಡದಿಂದ ದೂರದಲ್ಲಿ, ಸ್ವಲ್ಪ ಬೆಳಕು ಬರುವ ಕಡೆ, ನೀರು ನಿಲ್ಲದ ಜಾಗ ಆರಿಸಿದೆವು.
2. ಬೇರುಮುದ್ದೆಗಿಂತ ಅಗಲವಾದ ಗುಂಡಿ ತೋಡಿದೆವು. ಆದರೆ ಆಳ ಬೇರುಮುದ್ದೆಯಷ್ಟೇ.
3. ಎತ್ತರ ಬೇಕೆಂದು ನಡುಕಾಂಡವನ್ನು ಕೋಲಿಗೆ ಸಡಿಲವಾಗಿ ಕಟ್ಟಿದೆವು. ಕಟ್ಟದಿದ್ದರೆ ನೆಲದ ಮೇಲೇ ಹರಡುತ್ತದೆ.
4. ಸುತ್ತ ಮರದ ತೊಗಟೆಯ ಚೂರು ಹರಡಿದೆವು, ಕಾಂಡಕ್ಕೆ ತಾಗದ ಹಾಗೆ.
5. ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ದರೆ ನಿಧಾನವಾಗಿ ನೀರು ಹಾಕಿದೆವು. ರಜೆಯಲ್ಲಿ ಆ ಕೆಲಸ ಪಕ್ಕದ ಮನೆಯವರದ್ದು.

ಈಗ ಮಗಳಿಗೆ ಒಂದು ಡ್ಯೂಟಿ ಇದೆ. ಆಗಾಗ ಕೊಂಬೆ ಎತ್ತಿ ಅಡಿಭಾಗ ನೋಡುತ್ತಾಳೆ. ಪ್ರತಿ ಎಲೆಯ ಕೆಳಗೆ ಎರಡು ಬಿಳಿ ಗೆರೆ ಇದ್ದರೆ ಸರಿ. ಎಲೆಯ ಬುಡದಲ್ಲಿ ಹತ್ತಿಯಂಥ ಚುಕ್ಕೆ ಕಂಡರೆ ಅಪಾಯ! ಅದು ಜಪಾನಿನಿಂದ ಬಂದ, ರಸ ಹೀರುವ ಕೀಟ. ಈ ಕೀಟ ಇಲ್ಲಿ ಲೆಕ್ಕವಿಲ್ಲದಷ್ಟು ಹೆಮ್ಲಾಕ್‌ಗಳನ್ನು ಕೊಂದಿದೆ. ಬೇಗ ಕಂಡುಹಿಡಿದರೆ ಔಷಧಿಯಿಂದ ಮರ ಉಳಿಸಬಹುದು.

ನಿಮ್ಮ ಹಿತ್ತಲಿನ ನೆರಳಲ್ಲೂ ಒಂದು ಗಿಡ ನೆಡಿ. ಆದರೆ ನೀರು ಹಾಕುವವರು ಯಾರು ಅಂತ ಮೊದಲೇ ಮನೆಯಲ್ಲಿ ತೀರ್ಮಾನಿಸಿ!