ಶ್ರೀಲಂಕೆಯ ಔಷಧ ಖರೀದಿ

ಎಲೆತುಕ್ಕು ರೋಗಕ್ಕೆ ಕಾಫಿಯನ್ನು ಕಳೆದುಕೊಂಡು ಚಹಾಕ್ಕೆ ತಿರುಗಿದ ದೇಶವೆಂದು ಶ್ರೀಲಂಕೆಯ ಪರಿಚಯ ನಮ್ಮ ಬೆಳೆಗಾರರಿಗೆ ಉಂಟು. ಅದೇ ದ್ವೀಪ 1970ರ ದಶಕದಲ್ಲಿ ವಿದೇಶೀ ಔಷಧ ಕಂಪನಿಗಳೊಡನೆ ಹೇಗೆ ವ್ಯವಹರಿಸಿತೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಒಟ್ಟುಗೂಡಿ ಕೊಳ್ಳುವುದನ್ನೇ ಕಸುಬು ಮಾಡಿಕೊಂಡ ಸಹಕಾರಿಗಳಾದ ನಾವು ಅದನ್ನು ತಿಳಿದಿರುವುದು ಒಳಿತು.

ಆಗ ಆ ದೇಶಕ್ಕೆ ವಿದೇಶೀ ವಿನಿಮಯ ಮುಖ್ಯವಾಗಿ ಬರುತ್ತಿದ್ದುದು ಚಹಾ, ರಬ್ಬರು, ತೆಂಗಿನಿಂದ. ಚಹಾದ ದರ ಬಿದ್ದರೆ ಆಸ್ಪತ್ರೆಯ ಔಷಧಕ್ಕೂ ತತ್ವಾರ. ಹೀಗಿದ್ದೂ ಪೇಟೆಯಲ್ಲಿ ಎರಡು ಸಾವಿರಕ್ಕೂ ಮೇಲ್ಪಟ್ಟು ಔಷಧಗಳು. ಪದಾರ್ಥ ಒಂದೇ, ಹೆಸರು ಹಲವು, ಬೆಲೆ ಹಲವು. ಅಲ್ಲಿ ಕಾರ್ಖಾನೆ ತೆರೆದಿದ್ದ ವಿದೇಶೀ ಕಂಪನಿಗಳು ಮೂಲ ಪದಾರ್ಥವನ್ನು ತಮ್ಮ ಮಾತೃಸಂಸ್ಥೆಯಿಂದಲೇ ತರಿಸಿ ಮಾತ್ರೆ ಮಾಡುತ್ತಿದ್ದವು. ಮಾರುವವನೂ ಕೊಳ್ಳುವವನೂ ಒಂದೇ ಮನೆಯವರಾದರೆ ದರವನ್ನು ಕೇಳುವವರಾರು? ಲಾಭವೆಲ್ಲ ಆಮದು ಬೆಲೆಯ ರೂಪದಲ್ಲಿಯೇ ಸಮುದ್ರ ದಾಟುತ್ತಿತ್ತು. ಕೊಲಂಬೋದ ಲೆಕ್ಕದಲ್ಲಿ, ಅಂದರೆ ತೆರಿಗೆಯವರ ಕಣ್ಣಿಗೆ, ಕಾಣುತ್ತಿದ್ದುದು ಸ್ವಲ್ಪವೇ.

ಔಷಧಶಾಸ್ತ್ರದ ಪ್ರಾಧ್ಯಾಪಕ ಸೇನಕ ಬಿಬಿಲೆ ಮತ್ತು ವೈದ್ಯರೂ ರಾಜಕಾರಣಿಯೂ ಆಗಿದ್ದ ಎಸ್.ಎ. ವಿಕ್ರಮಸಿಂಘೆ ಇದನ್ನು ಪರಿಶೀಲಿಸಿ ವರದಿ ಕೊಟ್ಟರು. ಅದರಂತೆ ಸಿರಿಮಾವೋ ಬಂಡಾರನಾಯಕೆ ಅವರ ಸರ್ಕಾರ 1971ರಲ್ಲಿ ರಾಜ್ಯ ಔಷಧ ನಿಗಮವನ್ನು ಸ್ಥಾಪಿಸಿ, ಬಿಬಿಲೆಯವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಔಷಧಗಳ ಪಟ್ಟಿ ಸುಮಾರು 600ಕ್ಕೆ ಇಳಿಯಿತು. ಆಮದು ಹಂತಹಂತವಾಗಿ ನಿಗಮದ ಕೈಗೆ ಬಂತು. ಇಡೀ ದೇಶದ ಬೇಡಿಕೆಯನ್ನು ಕೂಡಿಸಿ ಜಗತ್ತಿನೆಲ್ಲೆಡೆಯಿಂದ ಟೆಂಡರು ಕರೆದಾಗ, ಅದೇ ಪದಾರ್ಥವನ್ನು ಬಹಳ ಕಡಿಮೆಗೆ ಕೊಡುವವರು ಮುಂದೆ ಬಂದರು. ಔಷಧವನ್ನು ಕಂಪನಿಯ ಹೆಸರಿನಿಂದ ಬರೆಯದೆ ಅದರ ಮೂಲ ಹೆಸರಿನಿಂದಲೇ ಬರೆಯಬೇಕೆಂದು ವೈದ್ಯರಿಗೆ ತಿಳಿಸಲಾಯಿತು.

ಕೊಳೆರೋಗಕ್ಕೆ ಮೈಲುತುತ್ತ ತರಿಸುವಾಗ ಇಂಥ ಗುರುತಿನ ಚೀಲವೇ ಬೇಕೆಂದು ಹಟ ಹಿಡಿಯುವ ಸದಸ್ಯರಿಗೆ ಈ ಮಾತು ಅರ್ಥವಾದೀತು. ಬೋರ್ಡೋ ದ್ರಾವಣದಲ್ಲಿ ಕೆಲಸ ಮಾಡುವುದು ತಾಮ್ರ. ಚೀಲದ ಮೇಲಿನ ಚಿತ್ರಕ್ಕೆ ಕೊಟ್ಟ ದುಡ್ಡು ಅಡಿಕೆಗೊನೆಗೆ ತಲುಪುವುದಿಲ್ಲ. ಹಾಗೆಂದು ಪರೀಕ್ಷೆ ಮಾಡಿಸದೆ ಅಗ್ಗದ್ದನ್ನು ತಂದರೂ ಕೆಟ್ಟೆವು.

ಕಂಪನಿಗಳು ಸುಮ್ಮನೆ ಕೂರಲಿಲ್ಲ. ಅಗ್ಗದ್ದು ಕಳಪೆಯೆಂಬ ಪ್ರಚಾರ ನಡೆಯಿತು. ಕಾಲರಾ ಹಬ್ಬಿದ ಸಮಯದಲ್ಲಿ, ನಿಗಮ ಬೇರೆಡೆಯಿಂದ ಕೊಂಡ ಟೆಟ್ರಾಸೈಕ್ಲಿನ್‌ನಿಂದ ಔಷಧ ತಯಾರಿಸಿಕೊಡಲು ಒಂದು ಕಂಪನಿ ಒಪ್ಪದೆ, ಸಿದ್ಧ ಔಷಧವನ್ನೇ ವಿಮಾನದಲ್ಲಿ ತರಿಸಬೇಕಾಯಿತು. ಕೊಳ್ಳುವ ಬಲವಿದ್ದರೂ ತಯಾರಿಸುವ ಯಂತ್ರ ಪರರ ಕೈಯಲ್ಲಿದ್ದುದರ ಫಲವಿದು.

1977ರಲ್ಲಿ ಸರ್ಕಾರ ಬದಲಾಯಿತು. ಆಮದಿನ ಬಾಗಿಲು ಖಾಸಗಿಯವರಿಗೆ ಮತ್ತೆ ತೆರೆಯಿತು. ಬಿಬಿಲೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ದೂರದ ಗಯಾನಾದಲ್ಲಿ ತೀರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಮೊದಲ ಅಗತ್ಯ ಔಷಧಗಳ ಪಟ್ಟಿಯನ್ನು ಹೊರತಂದದ್ದೂ 1977ರಲ್ಲೇ. 1982ರಲ್ಲಿ ಬಾಂಗ್ಲಾದೇಶವೂ ಇದೇ ಜಾಡಿನ ಔಷಧ ನೀತಿ ತಂದು, ಅನಗತ್ಯ ಔಷಧಗಳನ್ನು ಪೇಟೆಯಿಂದ ತೆಗೆಸಿ, ಮುಂದೆ ತನ್ನ ಬಹುಪಾಲು ಔಷಧವನ್ನು ತಾನೇ ತಯಾರಿಸಿಕೊಳ್ಳುವಂತಾಯಿತು. ಶ್ರೀಲಂಕೆಗೆ ಅಷ್ಟು ದೂರ ಸಾಗಲಾಗಲಿಲ್ಲ.

ಅಲ್ಲಿ ಔಷಧ ನಿಯಂತ್ರಣಕ್ಕೆ ಹೊಸ ಕಾನೂನು ಬಂದದ್ದು 2015ರಲ್ಲಿ. 2022ರಲ್ಲಿ ವಿದೇಶೀ ವಿನಿಮಯ ಬರಿದಾದಾಗ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಆ ಕೊರತೆಯ ನಡುವೆ ತುರ್ತಿನ ಹೆಸರಿನಲ್ಲಿ ನಡೆದ ಖರೀದಿಯಲ್ಲಿ ನಕಲಿ ಇಮ್ಯುನೋಗ್ಲೋಬ್ಯುಲಿನ್ ಆಸ್ಪತ್ರೆಗಳಿಗೆ ಸೇರಿದ್ದು 2023ರಲ್ಲಿ ಬಯಲಾಯಿತು. ಆ ಪ್ರಕರಣದಲ್ಲಿ ಮಾಜಿ ಆರೋಗ್ಯ ಸಚಿವರೊಬ್ಬರನ್ನು 2024ರ ಫೆಬ್ರವರಿಯಲ್ಲಿ ಬಂಧಿಸಲಾಯಿತು.