ದೋಣಿಗೆ ಧಕ್ಕೆ ಆಗಬಾರದು ಅಂದ್ರೆ

ಹೆಬ್ಬಾಳ ಫ್ಲೈಓವರ್ ಕೆಳಗೆ ಸಿಕ್ಕಿಹಾಕಿಕೊಂಡಿರೋ ಯಾವ ಆಟೋ ಬೇಕಾದ್ರೂ ನೋಡಿ, ಮುಂದೆ ಒಂದು ಬಂಪರ್ ಇದ್ದೇ ಇರುತ್ತೆ. ದೋಣಿಗೂ ಅದು ಬೇಕು. ದೋಣಿಗೆ ಬ್ರೇಕ್ ಇಲ್ಲ, ಗಾಳಿ ತಳ್ಳಿದ ಕಡೆ ಹೋಗಿ ಜೆಟ್ಟಿಗೋ ಪಕ್ಕದ ದೋಣಿಗೋ ಹೊಡೆಯುತ್ತೆ. (ಮಂಗಳೂರಿನಲ್ಲಿ ದೋಣಿ ನಿಲ್ಲೋ ಜಾಗಕ್ಕೇ ಧಕ್ಕೆ ಅಂತಾರೆ. ಹೆಸರು ಇಟ್ಟವರಿಗೆ ಅನುಭವ ಇತ್ತು ಅನ್ಸುತ್ತೆ.) ಮೀನುಗಾರಿಕೆ ಬಂದರುಗಳ ದೊಡ್ಡ ಬೋಟುಗಳ ಪಕ್ಕ ಹಳೇ ಟಯರುಗಳು ನೇತಾಡ್ತಿರೋದು ನೀವೂ ನೋಡಿರ್ತೀರ. ಆದರೆ ಹತ್ತು ಹನ್ನೆರಡು ಅಡಿಯ ಮರದ ದೋಣಿಗೆ ಟಯರ್ ಭಾರ, ಮೇಲಿಂದ ಬಣ್ಣಕ್ಕೆಲ್ಲ ಕಪ್ಪು ಮೆತ್ತುತ್ತೆ. ಅದಕ್ಕೆ ಇರೋ ಚಂದದ ಉಪಾಯ ಅಂದ್ರೆ ದೋಣಿಯ ಮೇಲಂಚಿನ ಹೊರಗಡೆ ಸುತ್ತಲೂ ದಪ್ಪ ಹಗ್ಗ ಕೂರಿಸೋದು. ಇದಕ್ಕೆ ರೋಪ್ ರಬ್ ರೇಲ್ ಅಂತಾರೆ.

ಮೊದಲು ಹಗ್ಗ ಯಾಕೆ ಅಂತ ನೋಡೋಣ. ದೋಣಿ 150 ಕೆಜಿ, ಒಳಗೆ ಇಬ್ಬರು ಸೇರಿ ಇನ್ನೊಂದು 150 ಕೆಜಿ, ವೇಗ ಸೆಕೆಂಡಿಗೆ ಅರ್ಧ ಮೀಟರ್ ಅಂದುಕೊಳ್ಳಿ. ಇದು ನಾವು ನಡೆಯೋದಕ್ಕಿಂತ ನಿಧಾನ. ಅರ್ಧ ಎಂ ವಿ ಸ್ಕ್ವೇರ್ ಹಾಕಿದ್ರೆ 37.5 ಜೌಲ್. ಬರೀ ಮರ ಕಲ್ಲಿಗೆ ನೇರವಾಗಿ ಹೊಡೆದು 2 ಮಿಲಿಮೀಟರಿನಲ್ಲಿ ನಿಂತರೆ ಸರಾಸರಿ ಬಲ 18,750 ನ್ಯೂಟನ್, ಅಂದ್ರೆ ಹತ್ತಿರ ಹತ್ತಿರ ಎರಡು ಟನ್ ತೂಕ. ಅದೇ ಹಗ್ಗ ಅಮುಕಿಕೊಂಡು 10 ಮಿಲಿಮೀಟರಿನಲ್ಲಿ ನಿಲ್ಲಿಸಿದರೆ 3,750 ನ್ಯೂಟನ್. ಐದರಲ್ಲಿ ಒಂದು ಪಾಲು! ಫಸ್ಟ್ ಇಯರ್ ಮೆಕ್ಯಾನಿಕ್ಸ್ ಅಷ್ಟೇ, ಹೊಸದೇನಿಲ್ಲ.

ಈ ಲೆಕ್ಕ ಮಾಡದೆಯೂ ನಮ್ಮ ಕರಾವಳಿಯವರಿಗೆ ಈ ವಿಷಯ ಗೊತ್ತಿತ್ತು. ಹಿಂದೂ ಮಹಾಸಾಗರದ ಹಳೇ ಹಡಗುಗಳಲ್ಲಿ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲೀತಿದ್ರು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಇದಕ್ಕೆ ಕಾರಣವನ್ನೂ ಬರೆದಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತೆ, ಹೊಲಿದದ್ದು ಸ್ವಲ್ಪ ಬಾಗಿಕೊಟ್ಟು ಉಳಿಯುತ್ತೆ ಅಂತ. ಅದೇ ಹೊಲಿಗೆ ವಿಧಾನದಲ್ಲಿ ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯವನ್ನು ನೌಕಾಪಡೆ 2025ರ ಮೇ 21ರಂದು ಕಾರವಾರದಲ್ಲಿ ಸೇರಿಸಿಕೊಳ್ತು. ಅಜಂತಾ ಗುಹೆಯ ಚಿತ್ರದಲ್ಲಿರೋ ಹಡಗು ಅದಕ್ಕೆ ಮಾದರಿ, ನೀರಿನಲ್ಲಿ ಅದು ಹೇಗೆ ವರ್ತಿಸುತ್ತೆ ಅಂತ ಪರೀಕ್ಷೆ ಮಾಡಿದ್ದು ಐಐಟಿ ಮದ್ರಾಸ್. ಅಲ್ಲಿ ಹಗ್ಗ ಇಡೀ ಹಡಗನ್ನೇ ಹಿಡಿದಿಡುತ್ತೆ, ನಮ್ಮ ದೋಣಿಯಲ್ಲಿ ಬರೀ ಅಂಚನ್ನು ಕಾಯುತ್ತೆ. ಗುಣ ಮಾತ್ರ ಒಂದೇ, ಬಾಗಿಕೊಡೋದು.

ಈಗ ಹಗ್ಗ ಕೂರಿಸೋ ಕೆಲಸ. ನೋಡೋಕೆ ಸುಲಭ, ಆದರೆ ತಪ್ಪಾಗಿ ಕೂರಿಸಿದ ಹಗ್ಗ ದೋಣಿಯನ್ನ ಕಾಯೋ ಬದಲು ಕೊಳೆಸುತ್ತೆ. ಹಗ್ಗ ಸ್ಪಂಜಿನ ಥರ ನೀರು ಹಿಡಿದು ಮರಕ್ಕೆ ಒತ್ತಿಕೊಂಡಿರುತ್ತೆ. ಮರದ ತೇವ ಶೇಕಡ 20ಕ್ಕಿಂತ ಮೇಲೆಯೇ ನಿಂತರೆ ಕೊಳೆಸೋ ಶಿಲೀಂಧ್ರಕ್ಕೆ ಹಬ್ಬ. ಉಪ್ಪುನೀರಿನಲ್ಲಿ ಅದರ ಆಟ ಕಡಿಮೆ, ಮಳೆನೀರು ಮತ್ತು ಕೆರೆನೀರಿನಲ್ಲಿ ಜಾಸ್ತಿ. ಸಮುದ್ರದ ದೋಣಿಗಿಂತ ನಮ್ಮ ಕಡೆ ಕೆರೆಯಲ್ಲಿ ಬಿಡೋ ದೋಣಿಗೆ ಈ ಭಯ ಹೆಚ್ಚು. ಮೇಲಂಚಿನ ಮರ ಒಮ್ಮೆ ಮೆತ್ತಗಾದರೆ ಅದನ್ನು ಬಿಚ್ಚಿ, ಹೊಸ ಹಲಗೆ ಬಾಗಿಸಿ ಕೂರಿಸೋ ಖರ್ಚಿನ ಮುಂದೆ ಹಗ್ಗದ ಬೆಲೆ ಏನೂ ಅಲ್ಲ.

ಹಾಗಾಗಿ ಮೊದಲು ಅಂಚಿನ ಪಟ್ಟಿಯಲ್ಲಿ ಹಗ್ಗ ಕೂರೋ ಹಾಗೆ ಉದ್ದಕ್ಕೂ ಒಂದು ಗಾಡಿ ಕೊರೆಯಬೇಕು. ಹಗ್ಗದ ದಪ್ಪದ ಕಾಲುಭಾಗದಷ್ಟು ಆಳ ಸಾಕು, ಹಗ್ಗ ಮೇಲೆ ಕೆಳಗೆ ಉರುಳಬಾರದು ಅಷ್ಟೇ. ಕೊರೆದ ಜಾಗಕ್ಕೆ ಎಪಾಕ್ಸಿ ಅಥವಾ ವಾರ್ನಿಷ್ ಚೆನ್ನಾಗಿ ಕುಡಿಸಿ ಒಣಗಿಸಿ. ಆಮೇಲೆ ಮೇಲಿನ ಅಂಚಿಗೆ ಮಾತ್ರ ಸೀಲೆಂಟ್ ಹಾಕಿ, ಕೆಳಗಡೆ ತೆರೆದೇ ಇರಲಿ. ಎರಡೂ ಕಡೆ ಮುಚ್ಚಿದರೆ ಒಳಗೆ ಹೋದ ನೀರಿಗೆ ಹೊರಗೆ ಬರೋ ದಾರಿಯೇ ಇರಲ್ಲ.

ಹಗ್ಗ ಯಾವುದು? ಸಣ್ಣ ದೋಣಿಗೆ 24ರಿಂದ 30 ಮಿಲಿಮೀಟರ್ ದಪ್ಪದ ಮೂರೆಳೆ ಹಗ್ಗ. ನಾರಿನ ಹಗ್ಗ ನೋಡೋಕೆ ಚಂದ, ಮೆತ್ತಗೆ ಅಮುಕುತ್ತೆ, ಆದರೆ ಒಣಗೋದು ನಿಧಾನ. ಪಾಲಿಪ್ರೊಪಿಲೀನ್ ಅಗ್ಗ, ನೀರು ಕುಡಿಯಲ್ಲ, ಬಿಸಿಲಿಗೆ ಮಾತ್ರ ಬೇಗ ಪುಡಿಪುಡಿಯಾಗುತ್ತೆ. ಯಾವಾಗಲೂ ನೀರಿನಲ್ಲೇ ಇರೋ ದೋಣಿಗೆ ನಾನಾದ್ರೆ ನೈಲಾನ್ ಹಾಕ್ತೀನಿ, ದಡಕ್ಕೆ ಎಳೆದು ಒಣಗಿಸೋ ದೋಣಿಗೆ ನಾರು.

ನಾರಿನದಾದ್ರೆ ಒಂದು ಮಾತು ನೆನಪಿರಲಿ. ಮಳೆ ಬಂದಾಗ ಬಟ್ಟೆ ಒಣಹಾಕೋ ಹತ್ತಿಯ ಹಗ್ಗ ಬಿಗಿಯಾಗೋದು ನೋಡಿದೀರಲ್ವಾ? ನೂಲು ನೀರು ಕುಡಿದು ದಪ್ಪ ಆಗುತ್ತೆ, ಸುತ್ತಿಕೊಂಡಿರೋ ಎಳೆಗಳು ದಪ್ಪದ ಮೇಲೆ ಬಳಸಿ ಹೋಗಬೇಕಾಗುತ್ತೆ, ಅದಕ್ಕೆ ಒಟ್ಟು ಉದ್ದ ಕಡಿಮೆಯಾಗುತ್ತೆ. ಒಣ ಹಗ್ಗವನ್ನ ಎಳೆದು ಬಿಗಿ ಮಾಡಿ ಕೂರಿಸಿದರೆ ನೆಂದಾಗ ಅದು ಸ್ಕ್ರೂಗಳನ್ನೇ ಜಗ್ಗುತ್ತೆ. ಆದ್ದರಿಂದ ಮೊದಲು ನೆನೆಸಿ, ಎರಡು ಮರದ ನಡುವೆ ಎಳೆದು ಕಟ್ಟಿ, ಒಂದೆರಡು ದಿನ ಬಿಡಿ. ಅದರ ಹೊಸ ಹಗ್ಗದ ಸಡಿಲ ಎಲ್ಲ ಅಲ್ಲೇ ಹೋಗ್ಲಿ. ಸ್ವಲ್ಪ ತೇವ ಇದ್ದಾಗಲೇ ಕೂರಿಸಿ.

ಹಗ್ಗದ ಮಧ್ಯಭಾಗ ದೋಣಿಯ ಮೂತಿಗೆ ಬರಲಿ. ಅಲ್ಲಿಂದ ಎರಡೂ ಪಕ್ಕಕ್ಕೆ ಸಮವಾಗಿ ಹಿಂದಕ್ಕೆ ಹೋಗಬೇಕು, ಒಬ್ಬರು ಎಳೆದು ಹಿಡಿಯೋದು, ಇನ್ನೊಬ್ಬರು ಬಿಗಿಯೋದು. ಸ್ಕ್ರೂ ಹಾಕೋದಾದ್ರೆ ಸುಮಾರು 15 ಸೆಂಟಿಮೀಟರಿಗೊಂದು, ಕಂಚು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು. ಎಳೆಗಳನ್ನ ಬಿಡಿಸಿ ಒಳಗೆ ವಾಷರ್ ಸಮೇತ ಕೂರಿಸಿ, ಎಳೆ ಮುಚ್ಚಿದರೆ ತಲೆ ಕಾಣಬಾರದು. ಮೇಲೆ ಕಂಡರೆ ಪಕ್ಕದ ದೋಣಿಯ ಬಣ್ಣ ಹೋಯ್ತು ಅಂತಲೇ ಲೆಕ್ಕ. ಪ್ರತಿ ತೂತಿಗೂ ಸೀಲೆಂಟ್ ತುಂಬಿ, ಯಾಕಂದ್ರೆ ನೀರು ಮರದೊಳಗೆ ಹೋಗೋದು ಅಲ್ಲಿಂದಲೇ.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಹೊಲಿಗೆ. ಅಂಚಿನ ಪಟ್ಟಿಯಲ್ಲಿ ಅಷ್ಟೇ ಅಂತರಕ್ಕೆ ತೂತು ಕೊರೆದು, ಒಳಗೆ ಎಪಾಕ್ಸಿ ಸವರಿ, ತೆಳು ನೈಲಾನ್ ದಾರದಿಂದ ಹಗ್ಗವನ್ನ ಸುತ್ತಿ ಬಿಗಿಯೋದು. ದಾರ ಎರಡು ಎಳೆಗಳ ಸಂದಿನಲ್ಲಿ ಮುಳುಗಿ ಕೂರೋದ್ರಿಂದ ಉಜ್ಜಿ ಸವೆಯೋದು ಕಡಿಮೆ. ಜಾಸ್ತಿ ಹೊತ್ತು ಹಿಡಿಯುತ್ತೆ ನಿಜ, ಆದರೆ ಹಗ್ಗ ಅನ್ನೋದೇ ಸವೆಯೋಕೆ ಅಂತ ಹಾಕಿದ್ದು. ಹಳೇದಾದ ದಿನ ದಾರ ಕತ್ತರಿಸಿ ತೆಗೆದು, ಅದೇ ತೂತುಗಳಿಗೆ ಹೊಸದನ್ನ ಹೊಲಿಯಬಹುದು. ಸ್ಕ್ರೂ ಆದ್ರೆ ಸಡಿಲ ಆದ ತೂತಿನ ಪಕ್ಕ ಇನ್ನೊಂದು ತೂತು, ಅದರ ಪಕ್ಕ ಮತ್ತೊಂದು.

ಕೊನೆಗೆ ಹಿಂಭಾಗದಲ್ಲಿ ಹಗ್ಗದ ತುದಿಗಳು. ಎಳೆಗಳನ್ನ ಒಂದೊಂದಾಗಿ ಹೆಚ್ಚುಕಡಿಮೆ ಉದ್ದಕ್ಕೆ ಕತ್ತರಿಸಿ, ತುದಿ ಸಣ್ಣ ಮಾಡಿ, ಮೇಲೆ ನೂಲನ್ನ ಒತ್ತೊತ್ತಾಗಿ ಸುತ್ತಿ ಕಟ್ಟಿ. ನೈಲಾನ್ ಆದ್ರೆ ಸುತ್ತೋ ಮೊದಲು ತುದಿಯನ್ನ ಬೆಂಕಿಗೆ ಹಿಡಿದು ಕರಗಿಸಿದರೆ ಬಿಚ್ಚಿಕೊಳ್ಳಲ್ಲ. ಕರಗಿದ್ದನ್ನ ಬೆರಳಲ್ಲಿ ಒತ್ತೋಕೆ ಹೋಗಬೇಡಿ, ಒದ್ದೆ ಬಟ್ಟೆ ತಗೊಳ್ಳಿ.