ಯುರೋಪ್ ಟೂರ್: ರೈಲ್ ಪಾಸಾ, ಬಿಡಿ ಟಿಕೆಟ್ಟಾ? ದುಡ್ಡು ಕಟ್ಟೋ ಮೊದಲು ಈ ಲೆಕ್ಕ ಹಾಕಿ

ಪೇಟೆ ಬೀದಿಯ ಹಾರ್ಡ್‌ವೇರ್ ಅಂಗಡಿ ಮಾಲೀಕರೊಬ್ಬರ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಗಂಡ-ಹೆಂಡತಿ ಮೂರು ವಾರ ಹೋಗಿ ಬರೋ ತಯಾರಿಯಲ್ಲಿದ್ದಾರೆ. ಟ್ರಾವೆಲ್ ಏಜೆಂಟ್ ಒಬ್ಬರು "ಯೂರೇಲ್ ಪಾಸ್ ಮಾಡಿಸಿಬಿಡಿ, 33 ದೇಶ ಸುತ್ತಬಹುದು" ಅಂದರಂತೆ. "ನೋಡಪ್ಪ, ಇಬ್ಬರಿಗೂ ಸೇರಿ ಐವತ್ತು ಸಾವಿರ ದಾಟುತ್ತೆ. ತಗೊಳ್ಳೋದಾ, ಬೇಡ್ವಾ?" ಅಂತ ನನ್ನನ್ನ ಕೇಳಿದರು. ತಾಲೂಕಿನಲ್ಲಿ ಮಕ್ಕಳು ಹೊರದೇಶದಲ್ಲಿರೋ ಮನೆ ಈಗ ಒಂದೆರಡಲ್ಲ. ಹಾಗಾಗಿ ಅವರ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತಿದ್ದೇನೆ.

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳಿ. ನಮ್ಮ ಸ್ಲೀಪರ್ ಕ್ಲಾಸ್ ಟಿಕೆಟ್ 60 ದಿನ ಮೊದಲು ತಗೊಂಡ್ರೂ ಹಿಂದಿನ ವಾರ ತಗೊಂಡ್ರೂ ದರ ಒಂದೇ. ತತ್ಕಾಲ್‌ಗೆ ಮಾತ್ರ ಸ್ವಲ್ಪ ಜಾಸ್ತಿ. ಯುರೋಪಿನ ದೂರದ ರೈಲುಗಳು ಹಾಗಲ್ಲ, ವಿಮಾನದ ಟಿಕೆಟ್ ಇದ್ದ ಹಾಗೆ. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಎರಡು ತಿಂಗಳು ಮೊದಲೇ ಬುಕ್ ಮಾಡಿದರೆ 30–40 ಯೂರೋಗೂ ಸಿಗಬಹುದು. ಯಾವ ರೈಲಿಗಾದರೂ ಹತ್ತಬಹುದಾದ ಪೂರ್ತಿ ದರದ ಟಿಕೆಟ್ ಅದೇ ದಾರಿಗೆ 150 ಯೂರೋ ದಾಟುತ್ತೆ. ಪಾಸ್ ಲಾಭವೋ ನಷ್ಟವೋ ಅನ್ನೋದು ನಿಂತಿರೋದು ಇದರ ಮೇಲೇ.

ಈಗ ಪಾಸ್. ಒಂದು ತಿಂಗಳೊಳಗೆ ನಿಮಗೆ ಬೇಕಾದ 4 ದಿನ ಓಡಾಡೋ ಯೂರೇಲ್ ಗ್ಲೋಬಲ್ ಪಾಸ್ ಸೆಕೆಂಡ್ ಕ್ಲಾಸ್‌ಗೆ ಸುಮಾರು 280 ಯೂರೋ. 60 ದಾಟಿದವರಿಗೆ ಶೇ 10 ಕಡಿಮೆ. ಅಂದರೆ ದಿನಕ್ಕೆ 70 ಯೂರೋ ಬಿತ್ತು. ಆ ದಿನದ ನಿಮ್ಮ ಟಿಕೆಟ್ 70ಕ್ಕಿಂತ ಕಡಿಮೆಗೆ ಸಿಗೋದಾದ್ರೆ ಪಾಸ್ ದಂಡ. ಅಂಗಡಿಯಲ್ಲಿ ಸಗಟು, ಚಿಲ್ಲರೆ ದರ ಹೋಲಿಸೋರಿಗೆ ಇದನ್ನ ನಾನು ಹೇಳಿಕೊಡಬೇಕಿಲ್ಲ.

ನಮ್ಮ ಹಾರ್ಡ್‌ವೇರ್ ಅಂಕಲ್ ಪ್ಲಾನ್ ಹೀಗಿದೆ: ಮ್ಯೂನಿಕ್‌ನಿಂದ ವಿಯೆನ್ನಾ, ಅಲ್ಲಿಂದ ಬುಡಾಪೆಸ್ಟ್, ವಾಪಸ್ ಮ್ಯೂನಿಕ್. ಮೊದಲೇ ಬುಕ್ ಮಾಡಿದರೆ ಮೂರೂ ಸೇರಿ ಒಬ್ಬರಿಗೆ 110–120 ಯೂರೋದಲ್ಲಿ ಮುಗಿಯುತ್ತೆ. ಪಾಸ್‌ಗಿಂತ ಅರ್ಧಕ್ಕೂ ಕಡಿಮೆ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೆ ಇಬ್ಬರಿಗೆ ಮೂವತ್ತು ಸಾವಿರದಷ್ಟು ಉಳಿತಾಯ. ಬಾಕಿ ದಿನ ಅವರು ಮಗನ ಮನೆಯಲ್ಲೇ ಇರ್ತಾರೆ. ಅದಕ್ಕೆ ಜರ್ಮನಿಯ 'ಡಾಯ್ಚ್‌ಲಾಂಡ್ ಟಿಕೆಟ್' ಇದೆ, 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಸಿಟಿ ಬಸ್, ಮೆಟ್ರೋ, ಲೋಕಲ್ ರೈಲು ಎಲ್ಲಾ ಅದರಲ್ಲೇ. ಮ್ಯೂನಿಕ್‌ನಿಂದ ಲೋಕಲ್ ರೈಲಲ್ಲಿ ಗಡಿಯಾಚೆಯ ಸಾಲ್ಸ್‌ಬರ್ಗ್‌ಗೂ ಹೋಗಿಬರಬಹುದು. ಐಸಿಇ ಥರದ ಸ್ಪೀಡ್ ರೈಲಿಗೆ ಮಾತ್ರ ನಡೆಯಲ್ಲ. ಇದು ಪ್ರತಿ ತಿಂಗಳು ತಾನೇ ರಿನ್ಯೂ ಆಗುತ್ತೆ, ಆ ತಿಂಗಳಿಗೇ ಮುಗಿಸಬೇಕಂದ್ರೆ 10ನೇ ತಾರೀಖಿನೊಳಗೆ ಕ್ಯಾನ್ಸಲ್ ಮಾಡಲೇಬೇಕು. ಮರೆತರೆ ಊರಿಗೆ ಬಂದ ಮೇಲೂ ದುಡ್ಡು ಕಟ್ ಆಗುತ್ತೆ.

ಹಾಗಂತ ಪಾಸ್ ಮೋಸ ಅಂತಲ್ಲ. ಇವತ್ತು ಮಳೆ, ನಾಳೆ ಹೋಗೋಣ ಅಂತ ದಿನಕ್ಕೊಂದು ಪ್ಲಾನ್ ಬದಲಿಸೋರಿಗೆ ಅದು ಒಳ್ಳೆಯದು. ಅಗ್ಗದ ಟಿಕೆಟ್ ಅದೇ ರೈಲಿಗೆ ಮಾತ್ರ. ನಿಮ್ಮ ತಪ್ಪಿಂದ ಮಿಸ್ ಆದರೆ ಹೊಸ ಟಿಕೆಟ್ಟೇ ಗತಿ. ಸ್ವಿಟ್ಜರ್‌ಲೆಂಡ್‌ನಲ್ಲಿ ಜಾಸ್ತಿ ಸುತ್ತೋರೂ ಪಾಸ್ ನೋಡಬಹುದು. ಜೂರಿಕ್‌ನಿಂದ ಜಿನೀವಾಗೆ ಮಾಮೂಲಿ ಟಿಕೆಟ್ಟೇ 80 ಫ್ರಾಂಕ್ ದಾಟುತ್ತೆ. ಮಕ್ಕಳಿರೋ ಕುಟುಂಬಕ್ಕೂ ಅನುಕೂಲ: ಒಬ್ಬ ದೊಡ್ಡವರ ಪಾಸ್ ಜೊತೆ 4ರಿಂದ 11 ವರ್ಷದ ಇಬ್ಬರು ಮಕ್ಕಳಿಗೆ ಫ್ರೀ.

ಏಜೆಂಟರು ಹೇಳದೆ ಬಿಡೋದು ಸೀಟಿನ ವಿಷಯ. ಫ್ರಾನ್ಸ್, ಇಟಲಿ, ಸ್ಪೇನ್‌ನ ಸ್ಪೀಡ್ ರೈಲುಗಳಿಗೆ ಪಾಸ್ ಇದ್ದರೂ ಸೀಟ್ ರಿಸರ್ವೇಷನ್ ಬೇರೆ ಮಾಡಿಸಬೇಕು, ಅದಕ್ಕೆ ಪ್ರತಿ ಸಲ 10 ಯೂರೋ ಮೇಲೆ. ಪ್ಯಾರಿಸ್–ಲಂಡನ್ ಯೂರೋಸ್ಟಾರ್‌ಗೆ 30ರ ಆಸುಪಾಸು. ಅದೂ ಪಾಸ್‌ನವರಿಗೆ ಸೀಟು ಮಿತಿಯಲ್ಲಿರುತ್ತೆ. (ಲಂಡನ್‌ಗೆ ಷೆಂಗೆನ್ ವೀಸಾ ನಡೆಯಲ್ಲ, ಬೇರೆ ವೀಸಾ ಬೇಕು.) ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್‌ನಲ್ಲಿ ಬಹುತೇಕ ಈ ತಾಪತ್ರಯ ಇಲ್ಲ.

ಇನ್ನೊಂದು: ಯೂರೇಲ್ ಯುರೋಪಿನ ಹೊರಗೆ ವಾಸ ಇರೋರಿಗೆ. ಅಲ್ಲೇ ನೆಲೆಸಿರೋ ಮಗ ತಗೊಳ್ಳಬೇಕಾದ್ದು 'ಇಂಟರ್‌ರೇಲ್'. ಅದರಲ್ಲಿ ಜರ್ಮನಿಯೊಳಗೆ ಅವನಿಗೆ ಎರಡೇ ಪ್ರಯಾಣ, ಹೊರಗೆ ಹೋಗೋಕೊಂದು, ವಾಪಸ್ ಬರೋಕೊಂದು. ಅಪ್ಪ-ಅಮ್ಮನ ಪಾಸ್‌ಗೆ ಈ ಮಿತಿ ಇಲ್ಲ. ಮೂವರೂ ಒಂದೇ ಪಾಸ್ ಅಂತ ತಗೊಂಡ್ರೆ ಟಿಸಿ ಮುಂದೆ ತಲೆಬಿಸಿ.

ಕೊನೆಗೆ ವೀಸಾ. ತೀರಾ ಅಗ್ಗದ ಟಿಕೆಟ್‌ಗಳಿಗೆ ರೀಫಂಡ್ ಇಲ್ಲ. ವೀಸಾ ಕೈಗೆ ಬರೋ ಮೊದಲೇ ಆಸೆಗೆ ಬಿದ್ದು ಬುಕ್ ಮಾಡಿ, ವೀಸಾ ತಡವಾದರೆ ದುಡ್ಡು ಹೋಯ್ತು. ಆಕ್ಟಿವೇಟ್ ಮಾಡದ ಪಾಸ್ ಆದರೆ ಒಂದಿಷ್ಟು ಹಿಡ್ಕೊಂಡು ವಾಪಸ್ ಕೊಡ್ತಾರೆ. ನಮ್ಮ ಅಂಕಲ್ ಪಾಸ್ ಬೇಡ ಅಂದಿದ್ದಾರೆ, ಆದರೆ ಟಿಕೆಟ್‌ಗೂ ಇನ್ನೂ ದುಡ್ಡು ಹಾಕಿಲ್ಲ. ಪಾಸ್‌ಪೋರ್ಟ್ ಮೇಲೆ ವೀಸಾ ಅಂಟಿದ ದಿನವೇ ಮಗನಿಗೆ ಫೋನ್ ಮಾಡಿ ಮೂರೂ ಟಿಕೆಟ್ ಬುಕ್ ಮಾಡಿಸ್ತಾರಂತೆ.